ಭೂಮಿತಿ ಬಿಟ್ಟ ಪ್ರಭುಲಿಂಗಪ್ಪ

ನನ್ನ ಗಂಡನ ತಮ್ಮ ಪ್ರಭುಲಿಂಗಪ್ಪನಿಗೆ ಇಂಜಿನೇರ ಆಗುವ ಹುಚ್ಚು ಹತ್ತಿದ್ದು ನರಗುಂದದ ಅರಸ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದ ಗದ್ದಲಕ್ಕಿಂತ ಎರಡು ವರ್ಷ ಮೊದಲು. ರಸ್ತೆ, ಸೇತುವೆ ಕಟ್ಟುವುದನ್ನು ಕಲಿಸಲು ಪುಣೆಯಲ್ಲಿ ಸರ್ಕಾರ ಹೊಸ ವರ್ಗ ತೆರೆದಿತ್ತು. ಇವನು ಓದುತ್ತಿದ್ದುದು ಧಾರವಾಡದಲ್ಲಿ. ಅವನ ಸಾಲೆಯಲ್ಲಿ ಗೆರೆ, ಕೋನಗಳ ಲೆಕ್ಕವಾದ ಭೂಮಿತಿಯೂ ಮರಾಠಿ ಕಾಗದಪತ್ರ ಬರೆಯುವ ಮೋಡಿ ಅಕ್ಷರವೂ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಯಾವುದಾದರೂ ಒಂದನ್ನು ಆರಿಸಬೇಕು. ಪುಣೆಯವರು ಕೇಳುವುದು ಭೂಮಿತಿ. ಆದರೆ ಆರಿಸುವ ಹಕ್ಕು ನಮ್ಮ ಮಾವ ಗುರುಸಂಗಪ್ಪನವರದು. ಗಜೇಂದ್ರಗಡದ ಪೇಟೆಯಲ್ಲಿ ಜೋಳ ಅಳೆದು ಅಳೆದು, ಅಳೆಯುವ ವಿದ್ಯೆಯೆಲ್ಲ ತಮಗೆ ಬಂದಿದೆ ಎಂದು ತಿಳಿದವರು.

ದೀಪಾವಳಿಗೆ ಬಂದವನು ಪಡಸಾಲೆಯ ನೆಲದ ಮೇಲೆ ಬಳಪದಿಂದ ವರ್ತುಲ ಬರೆದು, ಅದರೊಳಗೆ ಆರು ಮೂಲೆ ಕೂರಿಸಿ ತೋರಿಸಿದ. ಮಾವನವರು ಬಗ್ಗಿ ನೋಡಿದರು.

"ಇದೇನೋ, ರಂಗೋಲಿ!"

"ಅಲ್ರಿ ಅಪ್ಪಾ, ಭೂಮಿತಿ. ಹಳ್ಳದ ಮ್ಯಾಲ ಪೂಲಿನ ಕಮಾನು ಕಟ್ಟಾಕ ಇದ ಬೇಕ್ರಿ."

"ನಿಮ್ಮವ್ವ ದಿನಾ ಮುಂಜಾನೆ ಬಾಗಲಾಗ ಹಾಕ್ತಾಳ. ಒಂದರ ಪೂಲ ಎದ್ದೈತೇನು? ಮೋಡಿ ಕಲಿ. ಕಚೇರಿ ದೊಡ್ಡವ್ರೆಲ್ಲ ಮೋಡಿ ಬರೀತಾರ."

ಅತ್ತೆ ಸಿದ್ದಲಿಂಗವ್ವ ಬಾಗಿಲ ಹಿಂದಿನಿಂದ, "ರಂಗೋಲಿ ಹಾಕೂ ಹುಡುಗಗ ಹೆಣ್ಣು ಯಾರ ಕೊಟ್ಟಾರು?" ಎಂದು ಮಾತು ಮುಗಿಸಿಯೇ ಬಿಟ್ಟರು. ವರ್ತುಲದ ಮೇಲೆ ಸಗಣಿ ಸಾರಿಸುವ ಕೆಲಸ ನನಗೆ ಬಂತು. ಪ್ರಭುಲಿಂಗಪ್ಪ ಧಾರವಾಡಕ್ಕೆ ಮರಳಿ ಮೋಡಿಯ ವರ್ಗದಲ್ಲಿ ಕೂತ.

ಮರುವರ್ಷ ಪುಣೆಗೆ ಹುಡುಗರನ್ನು ಆರಿಸಲು ಬಂದ ಸಾಹೇಬ ಒಂದು ತ್ರಿಕೋನ ಕೊಟ್ಟು ಅದರ ಕ್ಷೇತ್ರಫಲ ತೆಗೆ ಎಂದನಂತೆ. ನಮ್ಮವನು ಮುತ್ತಿನಂಥ ಮೋಡಿಯಲ್ಲಿ, ಇದನ್ನು ನಾನು ಕಲಿತಿಲ್ಲ ಎಂದು ಬರೆದುಕೊಟ್ಟ. ಸಾಹೇಬ ಅಕ್ಷರವನ್ನು ಹೊಗಳಿ ಮನೆಗೆ ಕಳಿಸಿದ. ಮಾವನವರು ಊರೆಲ್ಲ ಸಾರಿದ್ದು ಹೊಗಳಿಕೆಯನ್ನು ಮಾತ್ರ.

ಅಂಗಡಿಯಲ್ಲಿ ಕೂರಲು ಪ್ರಭುಲಿಂಗಪ್ಪ ಒಪ್ಪಲಿಲ್ಲ. ಹೊಸ ರಸ್ತೆಗೆಂದು ರೋಣದ ಕಡೆಯಿಂದ ದಾರಿ ಅಳೆಯುತ್ತ ಬಂದ ಸರ್ಕಾರದವರಲ್ಲಿ ಸರಪಳಿ ಹಿಡಿಯುವ ಆಳಾಗಿ ಸೇರಿದ. ಬಿಸಿಲಲ್ಲಿ ಅಳತೆಯ ಸರಪಳಿಯ ತುದಿ ಹಿಡಿದು ನಿಲ್ಲುವುದು, ಹೇಳಿದಲ್ಲಿ ಗೂಟ ಹೊಡೆಯುವುದು, ಅಷ್ಟೇ. ಲೆಕ್ಕ ಹಾಕಿ ನಕ್ಷೆ ತೆಗೆಯುವವನು ಪುಣೆಯಲ್ಲಿ ಕಲಿತು ಬಂದವ, ಇವನಿಗಿಂತ ಚಿಕ್ಕವ.

ಅಳತೆ ನಮ್ಮೂರ ಹತ್ತಿರದ ರಾಜೂರ ದಾಟಿದಾಗ ಮಾವನವರು ಜರಿ ರುಮಾಲು ಸುತ್ತಿ, ಪೇಟೆಯವರನ್ನು ಕೂಡಿಸಿಕೊಂಡು ನೋಡಲು ಹೊರಟರು. ಬುತ್ತಿ ಹೊತ್ತು ನಾನು ಹಿಂದೆ.

"ನೋಡ್ರಿ, ನನ್ನ ಮಗ ಇಂಜಿನೇರ!"

ಪಕ್ಕದಂಗಡಿಯ ಸುಭಾನಸಾಬ ಕಣ್ಣಿಗೆ ಕೈ ಅಡ್ಡ ಹಿಡಿದ. "ಖರೇ ಸಾವ್ಕಾರ್ರ. ಮತ್ತ ಇಂಜಿನೇರಗ ಆ ನಕ್ಷೆ ಹಿಡದ ಹುಡುಗ ಯಾಕ ಬೈಯಾಕ ಹತ್ಯಾನ್ರಿ?"

ಮಾವನವರು ಕೇಳಿಸದವರಂತೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದರು. ಪ್ರಭುಲಿಂಗಪ್ಪ ತಲೆ ಎತ್ತಲಿಲ್ಲ.

"ಅಪ್ಪಾ, ಸರಪಳಿ ತುಳದೀರಿ. ಅತ್ತಾಗ ಸರೀರಿ."

ಮಾವನವರು ಸರಿದರು. ಸರಪಳಿ ಜರುಗಿತೆಂದು ಪುಣೆಯವನು ಅಳತೆಯನ್ನು ಮೊದಲಿನಿಂದ ಹಿಡಿಸಿದ.