ಕಾರಿನೊಳಗಿನ ನಂದಾದೀಪ

ಈಗಿನ ಕಾರುಗಳು ಬೀಗ ಹಾಕಿದ ಮೇಲೂ ಪೂರ್ತಿ ಮಲಗುವುದಿಲ್ಲವಂತೆ. ಕಳ್ಳರ ಅಲಾರಂ, ಗಡಿಯಾರ, ಕೀಲಿಯ ಸುಳಿವಿಗೆ ಕಾದು ಕೂತ ಯಾವುದೋ ಪೆಟ್ಟಿಗೆ, ಎಲ್ಲವೂ ಚೂರುಚೂರೇ ಕರೆಂಟು ಕುಡಿಯುತ್ತಿರುತ್ತವೆ. ಓಡಿಸದೆ ಬಿಟ್ಟರೆ ಬ್ಯಾಟರಿ ಖಾಲಿ. ಮೊನ್ನೆ ನನ್ನ ಕಾರು ಹೀಗೆ ಕೈಕೊಟ್ಟಾಗ ಮೆಕ್ಯಾನಿಕ್ ಇದನ್ನು ದೊಡ್ಡ ಹೊಸ ಸಂಗತಿ ಎಂಬಂತೆ ವಿವರಿಸಿದ. ನನಗೇನು ಹೊಸದು! ಎಪ್ಪತ್ತರ ದಶಕದಲ್ಲೇ, ಹೊಸದುರ್ಗದಲ್ಲಿ, ಇದೇ ವಿಷಯಕ್ಕೆ ಅಪ್ಪನ ಜೊತೆ ಜಗಳವಾಡಿದವಳು ನಾನು.

ಅಪ್ಪ ಕೊಬ್ಬರಿ ವ್ಯಾಪಾರಿ. ಯಾರೋ ಬಳಸಿ ಬಿಟ್ಟ ಕಪ್ಪು ಕಾರೊಂದನ್ನು ಕೊಂಡಿದ್ದ. ಒಮ್ಮೆ ನನ್ನನ್ನು ಕೂರಿಸಿಕೊಂಡು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ, ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ಎದುರಿನ ಲಾರಿಯೊಂದು ಕೂದಲೆಳೆಯ ಅಂತರದಲ್ಲಿ ನಮ್ಮನ್ನು ದಾಟಿ ಹೋಯಿತು. ಕಾರು ಪಕ್ಕದ ಹೊಲಕ್ಕಿಳಿದು ನಿಂತಿತು. ನನಗೆ ಒಂದು ಗೀರೂ ಆಗಲಿಲ್ಲ, ಆದರೆ ಅಪ್ಪ ಬಹಳ ಹೊತ್ತು ಸ್ಟೀರಿಂಗ್ ಬಿಡಲೇ ಇಲ್ಲ. ಅದಾದ ಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಶಿವನ ಫೋಟೋ ಬಂತು, ಅದರ ಮುಂದೊಂದು ಪುಟ್ಟ ಕೆಂಪು ಬಲ್ಬು. ನಂದಾದೀಪ ಅಂದ ಮೇಲೆ ಆರಬಾರದಲ್ಲ! ಕಾರು ಆಫ್ ಮಾಡಿದರೂ ಉರಿಯಲಿ ಎಂದು ವೈರನ್ನು ನೇರವಾಗಿ ಬ್ಯಾಟರಿಗೇ ಕೊಡಿಸಿದ್ದ.

ದಿನಾ ಓಡಾಡುವಾಗ ತೊಂದರೆ ಇರಲಿಲ್ಲ, ಓಡಿದಷ್ಟೂ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ನಾಲ್ಕು ದಿನ ಮನೆ ಮುಂದೆ ನಿಂತರೆ ಮಾತ್ರ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅಪ್ಪ ದೃಷ್ಟಿ ಎಂದು ಬಂಪರಿಗೆ ನಿಂಬೆಹಣ್ಣು ಕಟ್ಟಿದ. ಒಂಟಿಯಾಗಿ ಬಿಟ್ಟರೆ ಗಾಡಿಗೆ ಬೇಜಾರಾಗುತ್ತದೆ ಎಂದು ಕೊಬ್ಬರಿ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದ. ನಾನೋ ಬಿ.ಎಸ್ಸಿ. ಮುಗಿಸಿ, ಮನೆಯಲ್ಲಿ ಕೂತು ಕೂತು ತಲೆಕೆಟ್ಟವಳು. ಆ ಬಲ್ಬು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಆಗ ಚಿತ್ರದುರ್ಗದ ಶಾಲೆಯೊಂದರಿಂದ ಟೀಚರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಇದು ಕೈತಪ್ಪಿದರೆ ಮದುವೆ ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಹಿಂದಿನ ರಾತ್ರಿ ನಾನು ಮೊದಲ ಬಸ್ಸಿಗೇ ಹೋಗುತ್ತೇನೆ ಎಂದು ಹಟ ಹಿಡಿದೆ.

"ಮನೇಲಿ ಕಾರು ಐತೆ, ಬಸ್ಸಲ್ಲಿ ಯಾಕೆ ನೇತಾಡ್ತೀಯ?" ಎಂದ ಅಪ್ಪ.

"ಸೋಮವಾರದಿಂದ ನಿಂತೇ ಐತೆ. ಆ ಬಲ್ಬು ತೆಗಿಯಪ್ಪ, ಇಲ್ಲಾಂದ್ರೆ ಬೆಳಿಗ್ಗೆ ಕೈಕೊಡ್ತೈತೆ."

"ದೇವರ ದೀಪ ಆರಿಸು ಅಂತೀಯ? ಅವತ್ತು ಐಮಂಗಲದಾಗೆ ನಿನ್ನ ಉಳಿಸಿದ್ದು ಯಾರು? ಲೇ, ನಾಲ್ಕಕ್ಷರ ಓದಿದ್ದಕ್ಕೆ ಶಿವನಿಗೇ ಕರೆಂಟಿನ ಪಾಠ ಹೇಳ್ತಾಳೆ ನೋಡು!"

ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಬಾಗಿಲಿಗೂ ಕಾರಿಗೂ ಹತ್ತು ಸಲ ಓಡಾಡಿದೆ. ಅಪ್ಪ ಕೀಲಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ. ಮೊದಲ ಬಸ್ಸು ಆಗಲೇ ಹೋಗಿತ್ತು. ಬಲ್ಬು ಮಾತ್ರ ಮಂಕಾಗಿ ಉರಿಯುತ್ತಲೇ ಇತ್ತು. ಬೀದಿಯವರೆಲ್ಲ ಕೇಳುವಂತೆ ಅಪ್ಪನ ಮೇಲೆ ಕೂಗಾಡಿದೆ. ಅಮ್ಮ ಒಲೆ ಬಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅರಚಿದ್ರೆ ಗಾಡಿ ಓಡ್ತದೇನೆ? ತಳ್ಳಾಣ ಬಾ" ಎಂದಳು.

ಇಬ್ಬರೂ ತಳ್ಳಿದೆವು. ಕಾರು ಬೀದಿಯ ಉದ್ದಕ್ಕೂ ಉರುಳಿತೇ ಹೊರತು ಉಸಿರೆತ್ತಲಿಲ್ಲ. ಇಳಿಜಾರು ಶುರುವಾಗುವಲ್ಲಿ ಅಪ್ಪ ಬ್ರೇಕ್ ಹಾಕಿದ. ನನ್ನ ಮುಖ ನೋಡಿದ, ಫೋಟೋ ನೋಡಿದ. ಕೈಮುಗಿದು ಬಲ್ಬನ್ನು ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಮತ್ತೆ ತಳ್ಳಿದೆವು. ಬಲ್ಬು ತೆಗೆದದ್ದಕ್ಕೋ ಇಳಿಜಾರು ಸಿಕ್ಕಿದ್ದಕ್ಕೋ, ಕಾರು ಎರಡು ಸಲ ಬಿಕ್ಕಳಿಸಿ ಹೊತ್ತಿಕೊಂಡಿತು.

ದಾರಿಯುದ್ದಕ್ಕೂ ನನಗೆ ಮುಳ್ಳಿನ ಮೇಲೆ ಕೂತಂತೆ. ಅಪ್ಪ ಎತ್ತಿನ ಗಾಡಿಯ ವೇಗದಲ್ಲಿ ಓಡಿಸುತ್ತಿದ್ದ, ಎದುರಿಗೆ ಸೈಕಲ್ ಬಂದರೂ ರಸ್ತೆ ಬಿಟ್ಟು ಕೆಳಗಿಳಿಸುತ್ತಿದ್ದ. ಹೊಳಲ್ಕೆರೆ ದಾಟುವಾಗ "ಸ್ವಲ್ಪ ಜೋರಾಗಿ ಹೋಗಪ್ಪ" ಎಂದು ರೇಗಿದೆ. ಅಪ್ಪ ಬಲ್ಬಿಲ್ಲದ ಫೋಟೋದ ಕಡೆ ಒಮ್ಮೆ ನೋಡಿ ಇನ್ನೂ ನಿಧಾನ ಮಾಡಿದ. ಚಿತ್ರದುರ್ಗ ಮುಟ್ಟುವಷ್ಟರಲ್ಲಿ ನನ್ನ ಹೆಸರು ಕೂಗಿ ಆಗಿತ್ತು. ಗೋಗರೆದ ಮೇಲೆ ಕೊನೆಯಲ್ಲಿ ಒಳಗೆ ಬಿಟ್ಟರು. ಆ ಕೆಲಸ ನನಗೇ ಸಿಕ್ಕಿತು, ಆದರೆ ಅದು ತಿಳಿದದ್ದು ಆಮೇಲೆ.

ಹೊರಗೆ ಬಂದರೆ ಅಪ್ಪ ಸೀಟಿನಿಂದ ಕದಲಿರಲಿಲ್ಲ. ಇಂಜಿನ್ ಇನ್ನೂ ಓಡುತ್ತಿತ್ತು. ಸಂದರ್ಶನ ಹೇಗಾಯಿತೆಂದು ಕೇಳಲಿಲ್ಲ.

"ನೀನು ಬಸ್ಸಲ್ಲಿ ಬಾರವ್ವ. ನಾನು ಗಾಡಿ ತಗಂಡು ಬರ್ತೀನಿ."

"ನಿನ್ನೆ ಬಸ್ಸು ಬ್ಯಾಡ ಅಂದೋನು ನೀನೇ ಅಲ್ವಾ?"

"ಆರಿದ ದೀಪ ಪೂಜೆ ಮಾಡ್ದೆ ಹಚ್ಚಂಗಿಲ್ಲ. ದೀಪ ಇಲ್ಲದ ಗಾಡೀಲಿ ನಿನ್ನ ಕೂರಿಸ್ಕಂಡು ಒಂದು ಸಲ ಬಂದಿದ್ದೇ ಸಾಕು. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಊರು ದಾಟಿದ ಮೇಲೆ ತಿರುಗಿ ನೋಡಿದರೆ ಅಪ್ಪನ ಕಾರು ಹಿಂದೆಯೇ ಇತ್ತು. ಬಸ್ಸು ನಿಂತಲ್ಲೆಲ್ಲ ಅದೂ ನಿಲ್ಲುತ್ತಿತ್ತು. ಬಸ್ಸಿನ ಡ್ರೈವರ್ ಕೈ ಹೊರಗೆ ಹಾಕಿ ಮುಂದೆ ಹೋಗೆಂದು ಬೀಸಿದರೂ ಅಪ್ಪ ಮುಂದೆ ಹೋಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆ ಮನೆ ಬಿಟ್ಟು ಹೊರಡಲು ಅಷ್ಟೊಂದು ಅವಸರಪಡುತ್ತಿದ್ದವಳು, ಹೊಸದುರ್ಗ ಬರುವವರೆಗೂ ಹಿಂದಕ್ಕೇ ತಿರುಗಿ ಕೂತಿದ್ದೆ.