ಶ್ರಾವಣ ಸೋಮವಾರ ನಾನು ಹಾಕಿದ ಸಹಿ

ಬಸವಣ್ಯಪ್ಪನವರೇ, ನೀವು ಅಂದು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀವು ಕುಡಿದು ಕೆಲಸಕ್ಕೆ ಬಂದಿದ್ದೀರೆಂಬ ವರದಿಗೆ ಸಾಕ್ಷಿಯಾಗಿ ಸಹಿ ಹಾಕಿದೆ. ಸೇಡಿಗಾಗಿ ಹಾಕಿದೆ — ಬೇರೆ ಯಾವ ಹೆಸರಿಟ್ಟರೂ ಅದು ಇನ್ನೊಂದು ಸುಳ್ಳಾದೀತು.

ತೊಂಬತ್ತರ ದಶಕದ ಕೊನೆ. ಭದ್ರಾವತಿಯ ಆ ಎರಕದ ಕಾರ್ಖಾನೆಯಲ್ಲಿ ನೀವು ಫೋರ್‌ಮನ್, ನಾನು ಸುರಕ್ಷತಾ ಸಮಿತಿಯ ಕಾರ್ಯದರ್ಶಿ. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಇಳಿದರೆ ಏನು ಮಾಡಬೇಕೆಂದು ಪ್ರತಿ ವಿಭಾಗದ ಇಬ್ಬರಿಗೆ ತರಬೇತಿ ಕೊಡಬೇಕು, ಅಲ್ಲೊಂದು ಗ್ಲೂಕೋಸ್ ಡಬ್ಬಿ ಇಡಬೇಕು ಎಂದು ಸಭೆಯಲ್ಲಿ ಮಂಡಿಸಿದೆ. ಬೆವರು, ನಡುಕ, ತೊದಲು — ಇವನ್ನು ಕುಡಿತವೆಂದು ಭ್ರಮಿಸಬಾರದೆಂದು ಒತ್ತಿ ಹೇಳಿದೆ. ನೀವು ಕುರ್ಚಿಗೆ ಒರಗಿದಿರಿ.

“ಇದೇನು ಕಾಲೇಜಿನ ಚರ್ಚಾಸ್ಪರ್ಧೆ ಅಂದ್ಕೊಂಡ್ಯಾ ಮಾರಾಯ? ಸಕ್ಕರೆ ತಿನ್ನೋ ಆಸೆ ಇದ್ರೆ ಕ್ಯಾಂಟೀನಿಗೆ ಹೋಗು.”

ಇಡೀ ಸಭೆ ನಕ್ಕಿತು. ಮರುದಿನದಿಂದ ನಾನು ‘ಸಕ್ಕರೆ ಸಾಹೇಬ’. ಆ ನಗುವನ್ನು ವರ್ಷವಿಡೀ ಎದೆಯಲ್ಲಿ ಸಾಕಿದೆ. ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ ಕೂತು, ನಿಮಗೆ ಕೊಡಬೇಕಾಗಿದ್ದ ಉತ್ತರವನ್ನು ದಿನವೂ ತಿದ್ದಿದೆ. ಒಮ್ಮೆ ಗಾಂಧಿ ಬಜಾರಿನ ಔಷಧಿ ಅಂಗಡಿಯಲ್ಲಿ ನೀವು ಇನ್ಸುಲಿನ್ ಕೊಳ್ಳುವುದನ್ನು ಕಂಡೆ. ನಿಮ್ಮ ಕುಚೋದ್ಯದ ಹಿಂದಿದ್ದುದು ಭಯವೆಂದು — ಕಾಯಿಲೆ ತಿಳಿದರೆ ಕುಲುಮೆಯ ಕೆಲಸದಿಂದ ತೆಗೆದಾರೆಂಬ ಭಯವೆಂದು — ಆಗಲೇ ಊಹಿಸಿದೆ. ಕರುಣೆ ಬರಲಿಲ್ಲ. ಆಯುಧ ಸಿಕ್ಕಿತೆನಿಸಿತು.

ಆ ಶ್ರಾವಣ ಸೋಮವಾರ ನಿಮ್ಮದು ಉಪವಾಸ. ಹೊಟ್ಟೆಗೆ ಏನೂ ಇಲ್ಲದೆ, ಬೆಳಗಿನ ಇನ್ಸುಲಿನ್ ಸೂಜಿಯನ್ನು ಮಾತ್ರ ತಪ್ಪದೆ ಚುಚ್ಚಿಕೊಂಡು ಬಂದಿದ್ದಿರಂತೆ. ಹನ್ನೊಂದರ ಸುಮಾರಿಗೆ ಬೆವೆತು, ತೂರಾಡಿ, ಎದುರಾದವರನ್ನೆಲ್ಲ ಬೈಯತೊಡಗಿದಿರಿ. ಶ್ರಾವಣ ಸೋಮವಾರಾನೂ ಬಿಡ್ಲಿಲ್ವಲ್ಲ ನಮ್ಮ ಯಜಮಾನ್ರು ಎಂದು ಹಿಂದಿನಿಂದ ಯಾರೋ ನಗೆಯಾಡಿದರು. ನಿಮ್ಮ ತೋಳು ಹಿಡಿದಿದ್ದ ಕಾವಲಿನವನು ನನ್ನತ್ತ ತಿರುಗಿದ.

“ನೀವು ಓದಿದೋರು ಸಾರ್, ನೀವೇ ಹೇಳಿ.”

ನನ್ನ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣವಿತ್ತು.

“ಕಾಣ್ತಾ ಇದೆಯಲ್ಲ” ಎಂದೆ.

ನೀವು ಕುಡಿದಿದ್ದೀರೆಂದು ಅವನು ಬರೆದ ವರದಿಗೆ ಸಹಿ ಹಾಕಿದೆ. ಸುಖವಾಯಿತು — ಇದನ್ನೂ ಬರೆಯಲೇಬೇಕು. ಗೇಟಿನ ಬೆಂಚಿನ ಮೇಲೆ ನೀವು ಪ್ರಜ್ಞೆ ತಪ್ಪಿದ ಮೇಲಷ್ಟೇ ಆಸ್ಪತ್ರೆಗೆ ಒಯ್ದರು. ಡ್ರಿಪ್ ಏರಿಸಿದ ಸ್ವಲ್ಪ ಹೊತ್ತಿಗೆ ಎದ್ದು ಕೂತಿರಂತೆ. ಅದು ಕುಡಿತವಲ್ಲ, ಸಕ್ಕರೆ ಇಳಿದದ್ದೆಂದು ಡಾಕ್ಟರ ಚೀಟಿ ಬಂತು, ವಿಚಾರಣೆ ನಿಂತಿತು. ಆದರೆ ಜನ ಚೀಟಿಗಿಂತ ನನ್ನನ್ನೇ ನಂಬಿದರು. ಸುಳ್ಳಾಡದವನೆಂಬ ಹೆಸರು ನನಗಿತ್ತು. ಎದೆಯ ಮೇಲೆ ಲಿಂಗ ಧರಿಸಿ, ಜನ್ಮದಲ್ಲಿ ಹೆಂಡ ಮುಟ್ಟದ ನೀವು ಎರಡೇ ತಿಂಗಳಲ್ಲಿ ನಿವೃತ್ತಿ ಬರೆದುಕೊಟ್ಟಿರಿ.

ನೀವು ಹೋದ ಮೇಲೆ ನನ್ನ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಹಲವು ಕಾರ್ಖಾನೆಗಳಲ್ಲಿ ತರಬೇತಿ ಕೊಟ್ಟೆ. ಹೋದಲ್ಲೆಲ್ಲ ನಿಮ್ಮ ಕಥೆಯನ್ನೇ, ಹೆಸರು ಮರೆಸಿ, ಉದಾಹರಣೆಯಾಗಿ ಹೇಳಿದೆ. ಕಳೆದ ವಾರ ಒಬ್ಬ ಹೆಣ್ಣುಮಗಳು ಎದ್ದು ನಿಂತು, ಆಗ ನೀವೇನು ಮಾಡಿದಿರಿ ಸಾರ್ ಎಂದು ಕೇಳಿದಳು. ಗ್ಲೂಕೋಸ್ ಕೊಟ್ಟೆ ಎಂದೆ. ಚಪ್ಪಾಳೆ ತಟ್ಟಿದರು. ನಾನು... ನಾನು ಕೈಮುಗಿದೆ.

ನಿಮ್ಮ ಮೇಲಿನ ಸೇಡು ಎಂದೋ ತೀರಿತ್ತು. ನನ್ನ ಮೇಲಿನದು ಆ ಚಪ್ಪಾಳೆಯ ದಿನ ಶುರುವಾಯಿತು. ಈ ಪತ್ರದ ಒಂದು ಪ್ರತಿ ರಾಗಿಗುಡ್ಡದ ನಿಮ್ಮ ಮನೆಗೆ ಬರುತ್ತದೆ. ಇನ್ನೊಂದನ್ನು ಮೂರೂ ಪಾಳಿಯವರು ಓದುವಂತೆ ಕಾರ್ಖಾನೆಯ ನೋಟೀಸ್ ಬೋರ್ಡಿಗೆ ನಾನೇ ಅಂಟಿಸುತ್ತೇನೆ. ಕ್ಷಮೆಯನ್ನು ಮಾತ್ರ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟುಬಿಡುವವರು.