ಹಗ್ಗ ಬ್ಯಾಡ ಅಂದ ನಮ್ಮ ಯಜಮಾನರು

ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನನಗಿಲ್ಲ. ಆದರೆ ಈ ಸಂಗತಿ ಹೇಳಬೇಕೆಂದರೆ ಒಂದು ಸಲವಾದರೂ ಹೇಳಲೇಬೇಕು. ಮೈಲಾರಲಿಂಗಪ್ಪ. ಹೇಳಿದೆ, ಮುಗಿಯಿತು. ಇನ್ನು ಮೇಲೆ ನಮ್ಮ ಯಜಮಾನರು ಅಂತಲೇ ಅನ್ನುತ್ತೇನೆ. ನಾನು ಗಾಳೆಮ್ಮ, ನಮ್ಮದು ಕಂಪ್ಲಿ.

ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಹಮಾಲಿ. ವಯಸ್ಸಾಯಿತೆಂದು ಈಗ ಉಳಿದ ಹಮಾಲರ ಮೇಲೆ ಮುಖ್ಯಸ್ಥನಾಗಿ ಕೂರಿಸಿದ್ದಾರೆ, ಆದರೆ ಈ ಮನುಷ್ಯ ಕೂರಬೇಕಲ್ಲ! ಬೇರೆಯವರು ಚೀಲಕ್ಕೆ ಕಬ್ಬಿಣದ ಕೊಕ್ಕೆ ಹಾಕಿ ಎಳೆದರೆ ಇವರು ಬರಿಗೈಯಲ್ಲಿ ಚೀಲದ ಮೂಲೆ ಹಿಡಿದು ಬೆನ್ನಿಗೆ ಏರಿಸಿಕೊಳ್ಳುವವರು. ಕೊಕ್ಕೆ ಚುಚ್ಚಿದರೆ ಅಕ್ಕಿ ಸೋರುತ್ತದೆ ಅನ್ನುವುದು ಹೊರಗೆ ಹೇಳುವ ಕಾರಣ. ನಿಜವಾದ ಕಾರಣ ಜಂಬ. ಮನೆಯಲ್ಲಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಬಿಗಿಯಾಯಿತೆಂದು ನಾನು ಬಟ್ಟೆ ತುಂಡು ಕೈಗೆತ್ತಿಕೊಂಡರೂ ಸಾಕು, ಸಿಟ್ಟು ಬರುತ್ತದೆ.

"ಯಾಕ, ನಾನು ಇಲ್ಲೇನು? ತಗಾ ಇಲ್ಲಿ."

ಮಗಳು ದುರ್ಗಾಳಿಗೆ ಸೈಕಲ್ಲು ಕಲಿಸಿದ್ದೂ ಹೀಗೆಯೇ. ಎಲ್ಲರ ಅಪ್ಪಂದಿರು ಹಿಂದೆ ಕ್ಯಾರಿಯರ್ ಹಿಡಿದು ಓಡಿ, ಮಕ್ಕಳಿಗೆ ತಿಳಿಯದ ಹಾಗೆ ಒಂದು ಕಡೆ ಬಿಟ್ಟುಬಿಡುತ್ತಾರೆ. ಇವರು ಬಿಡಲೇ ಇಲ್ಲ. ಕಾಲುವೆ ದಂಡೆಯ ಉದ್ದಕ್ಕೂ ಓಡಿದರು. ಹುಡುಗಿ ತಾನಾಗಿ ಓಡಿಸುವುದು ಕಲಿತ ಮೇಲೂ ಓಡಿದರು. ಕೊನೆಗೆ ಅವಳೇ ಜೋರಾಗಿ ತುಳಿದು ಇವರ ಕೈಯಿಂದ ಬಿಡಿಸಿಕೊಂಡಳು. ಅವತ್ತು ಮನೆಗೆ ಬಂದು ಎರಡು ಹೊತ್ತು ಮುಖ ಊದಿಸಿಕೊಂಡಿದ್ದರು ಈ ದೊಡ್ಡ ಮನುಷ್ಯ. ಆಗ ಅವಳಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: "ಏನರ ಆಗ್ಲಿ, ಹ್ಯಾಂಡಲ್ ಬಿಡಬಾರ್ದು."

ಇವರಿಗೆ ಇನ್ನೊಂದು ಅಭ್ಯಾಸವಿದೆ. ದಾರಿಯಲ್ಲಿ ಗುಡಿ ಕಂಡರೆ, ಗೋಪುರ ಕಂಡರೆ, ಎರಡೂ ಕೈ ಜೋಡಿಸಲೇಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೂ ಕಂಬಿ ಬಿಟ್ಟು ಮುಗಿಯುತ್ತಾರೆ. ಹೊಸಪೇಟೆಗೆ ಹೋಗುವಾಗ ಹೀಗೆಯೇ ಮುಗಿಯುತ್ತಿದ್ದವರು, ಡ್ರೈವರ್ ಬ್ರೇಕ್ ಹಾಕಿದ್ದೇ ತಡ, ಯಾರದೋ ಟೊಮೆಟೊ ಬುಟ್ಟಿಯೊಳಗೆ ಕೂತರು. ಆ ಹೆಂಗಸಿನ ಬೈಗುಳ ನಾನು ಇಲ್ಲಿ ಹೇಳುವುದಿಲ್ಲ. ದುರ್ಗಾ ಗಾಡಿ ಓಡಿಸುತ್ತಾ ಒಂದೇ ಕೈಯಿಂದ ಎದೆ ಮುಟ್ಟಿಕೊಂಡು ನಮಸ್ಕಾರ ಮಾಡಿದರೆ ಇವರಿಗೆ ತಡೆಯಲಾಗದು.

"ದ್ಯಾವರಿಗೆ ಒಂಟಿ ಕೈಯಾಗ ಸಲಾಮ್ ಹೊಡಿತೀಯೇನಲೇ? ಆತ ಏನು ನಿನ್ನ ಫ್ಯಾಕ್ಟ್ರಿ ವಾಚ್‌ಮನ್ನಾ?"

"ಎರಡೂ ಕೈ ಬಿಟ್ರ ಆತನ ಹತ್ರಾನೇ ಹೋಗ್ಬೇಕಾಗತ್ತಪ್ಪಾ" ಅನ್ನುತ್ತಾಳೆ ಅವಳು. ಅವಳಿಗೂ ನನ್ನ ಬಾಯಿಯೇ ಬಂದಿದೆ.

ದುರ್ಗಾ ಗಾದಿಗನೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾಳೆ. ಹೌದು, ಹುಡುಗಿಯೇ. ತನ್ನ ಸಂಬಳದಲ್ಲಿ ಒಂದು ಬುಲೆಟ್ ಕೊಂಡಳು. ಆಗಲೇ ನಮ್ಮ ಬೀದಿಯವರು ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಊಟಕ್ಕೆ ಕೂತಾಗ ಸುಮ್ಮನೆ ಉಪ್ಪು ಕೇಳಿದ ಹಾಗೆ ಹೇಳಿದಳು.

"ನಾನು, ಐಶ್ವರ್ಯ ಇಬ್ರೂ ಗಾಡಿ ಹಡಗಿಗೆ ಹಾಕ್ಕಂಡು ಅಂಡಮಾನಿಗೆ ಹೋಗ್ತೀವಿ. ಅಲ್ಲಿ ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕ ದೊಡ್ಡ ದೋಣ್ಯಾಗ ಗಾಡಿ ದಾಟಿಸ್ತಾರ. ರಜಾ ಕೂಡಿಸಿ ಇಟ್ಟೀನಿ."

ಐಶ್ವರ್ಯ ಅಂದರೆ ಅವಳ ಜೊತೆ ಕೆಲಸ ಮಾಡುವ ಹುಡುಗಿ. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ಅಂಡಮಾನ್ ಅಂದರೆ ನಮಗೆ ಗೊತ್ತಿದ್ದದ್ದು ಜೈಲು ಒಂದೇ. ನಾನು ಯಜಮಾನರ ಮುಖ ನೋಡಿದೆ. ಅವರು ತುತ್ತು ನುಂಗಿ, ನೀರು ಕುಡಿದು, ಬಾಯಿ ತೆಗೆದರು.

"ಮದ್ಲು ನಮ್ಮ ಹೊಳಿ ದಾಟಿಸಿ ತೋರ್ಸು. ಹಂಪಿ ಹತ್ರ ತೆಪ್ಪದಾಗ ಗಾಡಿ ಹಾಕಿ, ಗಡ್ಡಿ ಸುತ್ತಿ, ಗಾಡಿಗೆ ಒಂದ್ ಹನಿ ನೀರು ತಾಗದಂಗ ವಾಪಸ್ ತಾ. ಆಗ ಹೋಗು. ಇಲ್ಲಾಂದ್ರ ಆ ಮಾತು ಎತ್ತಬ್ಯಾಡ."

ಗಡ್ಡಿ ಅಂದರೆ ನಮ್ಮ ತುಂಗಭದ್ರೆಯ ನಡುಗಡ್ಡೆ. ಅವಳು ಆಗಲಿ ಅಂದಳು. ಅಷ್ಟಕ್ಕೇ ಸುಮ್ಮನಿದ್ದರೆ ಇವರು ನಮ್ಮ ಯಜಮಾನರು ಹೇಗಾಗುತ್ತಾರೆ? "ನಾನೂ ಬರ್ತೀನಿ" ಅಂದರು. ಇವರಿಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಾನೂ ಹೊರಟೆ. ಅವಳು ಬುಲೆಟ್ ಮೇಲೆ, ನಾವಿಬ್ಬರು ಆಟೋದಲ್ಲಿ.

ಹಂಪಿಯ ಗುಡಿಗಳಿಂದ ದೂರ, ದೊಡ್ಡ ಬಂಡೆಗಳ ಹಿಂದೆ ಒಂದು ಕಡೆ ಹೊಳೆ ದಾಟಿಸುತ್ತಾರೆ. ತೆಪ್ಪದವನ ಹೆಸರು ರಾಯಣ್ಣ. ಬಿದಿರಿನಲ್ಲಿ ಹೆಣೆದ ಗುಂಡನೆಯ ತೆಪ್ಪ, ದೊಡ್ಡ ಬುಟ್ಟಿಯಂತೆಯೇ ಇತ್ತು. ಅದರೊಳಗೆ ಬುಲೆಟ್ಟು ನಿಲ್ಲಿಸಿದರು. ದುರ್ಗಾ ಬ್ಯಾಗಿನಿಂದ ಹಗ್ಗ ತೆಗೆದಳು.

"ರಾಯಣ್ಣ, ಎರಡೂ ಕಡಿ ಕಟ್ಟೋಣ. ನಮ್ಮ ಕೆಲಸದಾಗ ಕಟ್ಟದಂಗ ಏನೂ ಎತ್ತಲ್ಲ."

"ಕಟ್ರಿ, ಭಾಳ ಚಲೋ ಆತು" ಅಂದ ರಾಯಣ್ಣ.

ನಮ್ಮ ಯಜಮಾನರು ಆ ಹಗ್ಗವನ್ನು ಅವಳ ಕೈಯಿಂದ ಕಿತ್ತುಕೊಂಡು ದಂಡೆಯ ಮೇಲೆ ಎಸೆದೇಬಿಟ್ಟರು!

"ಹಗ್ಗ ಬ್ಯಾಡ. ಇಂಥಾ ಹತ್ತು ಗಾಡಿ ತೂಕ ಹೊತ್ತ ಕೈ ಇವು. ನಾನು ಹಿಂದ ಹಿಡ್ಕಂತೀನಿ. ನೀನು ಹ್ಯಾಂಡಲ್ ಹಿಡ್ಕ."

"ಅಪ್ಪಾ, ಕಟ್ಟಿದ್ರ ಏನ್ ಹೋಗತ್ತ?"

"ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಮಗಳು ಹೋಗಿ ಹ್ಯಾಂಡಲ್ ಹಿಡಿದು ನಿಂತಳು. ಇವರು ಹಿಂದಿನ ಸೀಟು ಹಿಡಿದು ಕಾಲು ಅಗಲಿಸಿ ನಿಂತರು. ನಾನು ಬುತ್ತಿ ತಬ್ಬಿಕೊಂಡು ಅಂಚಿಗೆ ಒರಗಿ ಕುಕ್ಕರುಗಾಲಲ್ಲಿ ಕೂತೆ. ರಾಯಣ್ಣ ಹುಟ್ಟು ಹಾಕಿದ.

ಹೊಳೆ ಶಾಂತವಾಗಿಯೇ ಇತ್ತು. ಯಜಮಾನರಂತೂ ಹೆಮ್ಮೆಯಿಂದ ಉಬ್ಬಿಹೋಗಿದ್ದರು. "ನೋಡಿದ್ಯಾ, ಅಳ್ಳಾಡ್ತೇನು?" ಎಂದು ನನ್ನನ್ನು ಕೇಳುತ್ತಲೇ ಇದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಟ್ಟನಡುವೆ ಬಂದಾಗ ರಾಯಣ್ಣ ಒಂದು ಬಂಡೆಯನ್ನು ಬಳಸಿ ತೆಪ್ಪ ತಿರುಗಿಸಿದ. ಆ ಬಂಡೆ ಸರಿಯಿತೋ ಇಲ್ಲವೋ, ದೂರದಲ್ಲಿ ವಿರೂಪಾಕ್ಷನ ಗೋಪುರ ಬೆಳ್ಳಗೆ ಎದ್ದು ನಿಂತಿತು.

"ಪಂಪಾಪತೀ!" ಅಂದರು ಯಜಮಾನರು.

ಅಂದು, ಎರಡೂ ಕೈ ಎತ್ತಿ, ಗೋಪುರದ ಕಡೆಗೆ ತಿರುಗಿ, ಬಾಗಿ ಮುಗಿದರು. ಆ ಸ್ವರ ಕೇಳಿ ನಾನೂ ಕಣ್ಣು ಬಿಟ್ಟು, ಬುತ್ತಿ ಬಿಟ್ಟು, ಅದೇ ಕಡೆಗೆ ವಾಲಿ ಕೈ ಮುಗಿದೆ. ದಿನವೂ ನೋಡುವ ರಾಯಣ್ಣ ಮಾತ್ರ "ಏ ಏ ಏ! ಗಾಡಿ! ಗಾಡಿ!" ಎಂದು ಕೂಗಿದ.

ತೆಪ್ಪ ಆ ಕಡೆಗೆ ಬಾಗಿತು. ಗಾಡಿಯೂ ಬಾಗಿತು. ಹಿಂದೆ ಹಿಡಿದವರಿಲ್ಲ. ಅಂಚು ನೀರಿಗೆ ತಾಗಿ ಹೊಳೆ ಒಳಗೆ ನುಗ್ಗಿತು. ದುರ್ಗಾ ಹ್ಯಾಂಡಲ್ ಹಿಡಿದು ಪೂರಾ ಜೋರು ಹಾಕಿ ಎಳೆಯುತ್ತಿದ್ದಳು. "ಬಿಡವ್ವಾ, ಬಿಡು!" ಎಂದ ರಾಯಣ್ಣ. ಅವಳು ಬಿಡಲಿಲ್ಲ. ನಮ್ಮ ಯಜಮಾನರು ತಿರುಗಿ ನೋಡಿ, ಎರಡೂ ಕೈ ಚಾಚಿ ಹಾರಿದರು. ಕೈಗೆ ಗಾಳಿ ಸಿಕ್ಕಿತು. ಗಾಡಿ ಅಂಚಿನ ಮೇಲೆ ಹೊರಳಿ ನೀರಿಗೆ ಬಿತ್ತು, ಅದರ ಜೊತೆಗೆ ನನ್ನ ಮಗಳು ಕೂಡ.

ಅಯ್ಯೋ, ಆ ಗಳಿಗೆಯನ್ನು ಹೇಗೆ ಹೇಳಲಿ? ನೀರು ಕೂಡಿಕೊಂಡಿತು, ಅಷ್ಟೇ. ಅವಳು ನಿಂತಿದ್ದ ಜಾಗ ಖಾಲಿ. ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಅವಳಿಗೆ ಕಾಲುವೆಯಲ್ಲಿ ಈಜಿ ರೂಢಿಯಿದೆ ಎಂದು ಗೊತ್ತಿತ್ತು. ಆದರೆ ಆ ಹುಡುಗಿ ಹ್ಯಾಂಡಲ್ ಬಿಡುವುದಿಲ್ಲವೆಂದೂ ಗೊತ್ತಿತ್ತು. ಯಜಮಾನರು ನೀರಿಗೆ ಬಗ್ಗಿ "ಬಿಡಲೇ ದುರ್ಗಾ, ಬಿಡು! ಬಿಟ್ಬಿಡೇ!" ಎಂದು ಹೊಳೆಗೆ ಕೂಗುತ್ತಿದ್ದರು. ಅವರಿಗೆ ಈಜು ಬರುವುದಿಲ್ಲ. ಹಾರಲು ಹೋದವರ ಅಂಗಿ ಹಿಡಿದು ನಾನು ಜೋತುಬಿದ್ದೆ, ಗುಂಡಿಗಳೆಲ್ಲ ಕಿತ್ತುಬಂದವು.

ಆಮೇಲೆ ನಾವು ಯಾರೂ ನೋಡದೇ ಇದ್ದ ಕಡೆಯಿಂದ, ತೆಪ್ಪದ ಹಿಂದಿನಿಂದ, ಕೆಮ್ಮು ಕೇಳಿಸಿತು. ಮುಖದ ತುಂಬ ಕೂದಲು, ಒಂದು ಕೈಯಲ್ಲಿ ತೆಪ್ಪದ ಅಂಚು. ರಾಯಣ್ಣ ಅವಳನ್ನು ಎಳೆದು ಒಳಗೆ ಹಾಕಿದ. ಗಾಡಿ ತಳಕ್ಕೆ ತಾಗಿದ ಮೇಲೆಯೇ ಹ್ಯಾಂಡಲ್ ಬಿಟ್ಟಿದ್ದಳಂತೆ. ನಾನು ಅವಳ ತಲೆ, ಬೆನ್ನು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. ಸಿಟ್ಟಿನಿಂದ ಅಲ್ಲ, ಅರ್ಥವಾಗದೆ.

"ಅಪ್ಪಾ, ನೀನ್ ಯಾಕ ಬಿಟ್ಟಿ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು.

ರಾಯಣ್ಣನ ಕಡೆಯವರು ಮುಳುಗಿ ಹುಡುಕಿ, ಗಾಡಿಗೆ ಹಗ್ಗ ಕಟ್ಟಿ, ದಂಡೆಗೆ ಎಳೆದರು. ದಂಡೆಯ ಮೇಲೆ ಬಿದ್ದಿತ್ತಲ್ಲ, ದುರ್ಗಾಳ ಹಗ್ಗ, ಅದೇ. ಸೈಲೆನ್ಸರಿನಿಂದ ಹೊಳೆ ನೀರು ಕೊಳವೆಯಂತೆ ಸುರಿಯಿತು. ಟೆಂಪೋದಲ್ಲಿ ಹಾಕಿಕೊಂಡು ಕಂಪ್ಲಿಯ ಮೆಕ್ಯಾನಿಕ್ ಹತ್ತಿರ ಬಿಟ್ಟು ಮನೆಗೆ ಬಂದೆವು. ಬುತ್ತಿ ಹೊಳೆಗೆ ಹೋಗಿತ್ತು.

ಮನೆಗೆ ಬಂದವಳೇ ನಾನು ಬಾಯಿ ತೆರೆದೆ. ಅಲ್ಲಿಯವರೆಗೆ ಹೊರಡದಿದ್ದ ಸ್ವರವೆಲ್ಲ ಒಟ್ಟಿಗೇ ಹೊರಟಿತು. "ಅಂಡಮಾನೂ ಬ್ಯಾಡ, ಗಿಂಡಮಾನೂ ಬ್ಯಾಡ! ಸಮುದ್ರದ ಹೆಸರು ಎತ್ತಿದ್ರ ನನ್ನ ಹೆಣ ನೋಡ್ತಿ!" ಎಂದೆ. ಇನ್ನೂ ಏನೇನೋ ಅಂದೆ. ದುರ್ಗಾ ಎದುರಾಡಲಿಲ್ಲ. "ಅಪ್ಪನ ಷರತ್ತು ಇತ್ತಲ್ಲಮ್ಮಾ, ಗಾಡಿ ನೀರಿಗೆ ಬಿತ್ತು, ಮುಗೀತು" ಅಂದು ತಲೆ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಅವಳು ಅಳುತ್ತಿದ್ದದ್ದು ನನಗೆ ಗೊತ್ತಾಯಿತು. ಗೊತ್ತಾದರೂ ನಾನು ಕರಗಲಿಲ್ಲ. ಯಜಮಾನರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗುಂಡಿಯಿಲ್ಲದ ಅಂಗಿಯನ್ನು ಬದಲಾಯಿಸಲೂ ಇಲ್ಲ.

ಮರುದಿನ ಮಧ್ಯಾಹ್ನ ಗಿರಣಿಯಿಂದ ಬಂದವರ ಹೆಗಲ ಮೇಲೆ ದೊಡ್ಡ ಹಗ್ಗದ ಸುರುಳಿ ಇತ್ತು. ಲಾರಿಯ ಲೋಡಿಗೆ ಬಿಗಿಯುವ ಗಟ್ಟಿ ಹಗ್ಗ. ಅದನ್ನು ದುರ್ಗಾಳ ಮುಂದೆ ಇಟ್ಟರು.

"ಇದನ್ನ ತಗಂಡು ಹೋಗು. ಅಂಡಮಾನಿಗೆ."

ಹೊಳೆಯಲ್ಲಿ ಆದದ್ದಕ್ಕಿಂತ ಇದೇ ನನಗೆ ದೊಡ್ಡ ಆಘಾತ, ನಿಜವಾಗಿ ಹೇಳುತ್ತೇನೆ. "ತಲಿ ಕೆಟ್ಟೈತೇನ್ರಿ ನಿಮಗ? ನಿನ್ನೆ ಆಕಿ ಸಾಯ್ತಿದ್ಲು!" ಎಂದು ಕಿರುಚಿದೆ.

"ಹೌದು, ಸಾಯ್ತಿದ್ಲು" ಅಂದರು. "ಯಾಕ ಹೇಳು? ನಾನು ಜೊತಿಗೆ ಇದ್ದೆ ಅಂತ. ನಾನ್ ಇಲ್ಲದಿದ್ರ ಆಕಿ ಹಗ್ಗ ಕಟ್ತಿದ್ಲು, ಗಾಡಿ ಬೀಳ್ತಿರಲಿಲ್ಲ. ನಾನು ಹಿಡ್ಕಂಡೀನಿ ಅಂತ ನಂಬಿ ಕಟ್ಟಲಿಲ್ಲ. ಆಕಿ ಬಿಡಲಿಲ್ಲ ಗಾಳೆವ್ವ. ನಾನ್ ಬಿಟ್ಟೆ."

ಅಂದವರು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರು. ಚೀಲ ಹೊತ್ತು ಹೊತ್ತು ದಡ್ಡುಗಟ್ಟಿದ ಆ ಕೈಗಳ ಸಂದಿನಿಂದ ನೀರು ಇಳಿಯುತ್ತಿತ್ತು. ದುರ್ಗಾ ಹೋಗಿ ಪಕ್ಕದಲ್ಲಿ ಕೂತು ಆ ಕೈಗಳನ್ನು ಮೆಲ್ಲಗೆ ಬಿಡಿಸಿದಳು. ನನಗೆ ಬಯ್ಯಲು ಇನ್ನೂ ಬೇಕಾದಷ್ಟು ಇತ್ತು, ಆದರೆ ಹಗ್ಗದ ಸುರುಳಿ ಎತ್ತಿ ದುರ್ಗಾಳ ಬ್ಯಾಗಿನ ಪಕ್ಕದಲ್ಲಿಟ್ಟೆ.

ಗಾಡಿ ರಿಪೇರಿ ಆಯಿತು. ಹೋದಳು. ಚೆನ್ನೈ ಬಂದರಿನಿಂದ ಹಡಗು. ನಾನು ಹೊಟ್ಟೆಗೆ ಸರಿಯಾಗಿ ತಿನ್ನದೆ, ಜಪ ಮಾಡುವ ಹಾಗೆ ಫೋನನ್ನೇ ನೋಡುತ್ತಿದ್ದೆ. ಅಂಡಮಾನ್ ಮುಟ್ಟಿದಳೆಂದು ಸುದ್ದಿ ಬಂತು. ಆಮೇಲೆ ಒಂದು ದಿನ ನಾನು ಅಕ್ಕಿ ಆರಿಸುತ್ತಿದ್ದಾಗ ವಿಡಿಯೋ ಕಾಲ್ ಬಂತು. ಯಜಮಾನರು ಓಡಿಬಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ತಾಗುವಷ್ಟು ಹತ್ತಿರ ತಂದುಕೊಂಡರು.

ದೊಡ್ಡ ಕಬ್ಬಿಣದ ದೋಣಿ. ಹಿಂದೆ ಹಸಿರು ದ್ವೀಪ, ನೀಲಿ ನೀರು. ಗಾಳಿಗೆ ಅವಳ ಮಾತು ಅರ್ಧ ಹಾರಿಹೋಗುತ್ತಿತ್ತು. ಐಶ್ವರ್ಯಳ ಕೈಗೆ ಫೋನ್ ಕೊಟ್ಟು ಗಾಡಿಯನ್ನು ತೋರಿಸಿದಳು. ನಾಲ್ಕೂ ಕಡೆಯಿಂದ ಬಿಗಿದಿತ್ತು ನಮ್ಮ ಗಿರಣಿಯ ಹಗ್ಗ.

"ಅಪ್ಪಾ, ನೋಡು! ನಾನು ಹಿಡ್ಕಂಡೇ ಇಲ್ಲ! ಎರಡೂ ಕೈ ಖಾಲಿ!" ಅಂದು ನಗುತ್ತಾ, ಅಪ್ಪನನ್ನು ಕಾಡಿಸಲೆಂದೇ, ಅವರ ಹಾಗೆಯೇ ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿ ಮುಗಿದಳು.

ನಮ್ಮ ಯಜಮಾನರ ಕೈಗಳು ಫೋನಿನ ಮೇಲೆ ಸಡಿಲವಾಗುತ್ತಿದ್ದದ್ದು ನನಗೆ ಕಾಣಿಸಿತು. ಬಿತ್ತು ಇನ್ನು ಅಂದುಕೊಂಡೆ. ಆದರೆ ಅವರು ನನ್ನ ಕಡೆಗೆ ತಿರುಗಿ, ಫೋನನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು.

"ಗಟ್ಟಿ ಹಿಡ್ಕ" ಅಂದರು.

ಆಮೇಲೆ ಎರಡೂ ಕೈ ಎತ್ತಿ, ಹೆತ್ತ ಮಗಳಿಗೆ ಅಪ್ಪ ಮುಗಿಯಬಾರದೆಂದು ನಾನು ಹೇಳುವಷ್ಟರಲ್ಲಿ, ಮುಗಿದೇಬಿಟ್ಟರು.